ಮೊಳೆ ಹೊಡೆಯದೆ ಪಟ ತೂಗುಹಾಕುವ ಮುನ್ನ ಗೋಡೆಯನ್ನು ಅರಿಯಿರಿ

ಬಾಡಿಗೆ ಮನೆಯ ಕೀಲಿಕೈ ಕೊಡುವಾಗ ಮಾಲೀಕರು ವಿಧಿಸುವ ಷರತ್ತುಗಳಲ್ಲಿ 'ಗೋಡೆಗೆ ಮೊಳೆ ಹೊಡೆಯಬಾರದು' ಎಂಬುದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಸಂಸಾರವೆಂದ ಮೇಲೆ ದೇವರ ಪಟ, ಅಗಲಿದ ಹಿರಿಯರ ಭಾವಚಿತ್ರ, ಗಡಿಯಾರ, ಕ್ಯಾಲೆಂಡರ್, ಮಕ್ಕಳಿಗೆ ಬಂದ ಪ್ರಶಸ್ತಿಪತ್ರ ಇವೆಲ್ಲಕ್ಕೂ ಗೋಡೆಯೇ ಆಶ್ರಯ. ಈ ಇಕ್ಕಟ್ಟಿಗೆ ಪರಿಹಾರವೆಂದು ಅಂಟಿಸುವ ಕೊಕ್ಕೆ ಹಾಗೂ ಪಟ್ಟಿಗಳು ಮಾರುಕಟ್ಟೆಗೆ ಬಂದು ವರ್ಷಗಳೇ ಸಂದಿವೆ.

ಆದರೂ ದೂರುಗಳು ತಪ್ಪಿಲ್ಲ. ಸಂಜೆ ಅಂಟಿಸಿದ ಪಟ ನಡುರಾತ್ರಿ ಕಳಚಿ ಬಿದ್ದು ಗಾಜು ಚೂರಾಗುತ್ತದೆ. ಬೀಳದೆ ಉಳಿದರೆ, ಮನೆ ಬಿಡುವ ದಿನ ಕೊಕ್ಕೆಯ ಜೊತೆಗೆ ಅಂಗೈ ಅಗಲದ ಬಣ್ಣವೂ ಕಿತ್ತು ಬರುತ್ತದೆ. ಮೊಳೆಯ ತೂತಿಗಿಂತ ಈ ಕಲೆಯೇ ದೊಡ್ಡದಾಗಿ, ಮುಂಗಡ ಹಣದಲ್ಲಿ ಕಡಿತಕ್ಕೆ ಕಾರಣವಾಗುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ದೋಷವಿರುವುದು ಅಂಟಿನಲ್ಲಲ್ಲ, ಅದರ ಹಿಂದಿರುವ ಗೋಡೆಯನ್ನು ಪರೀಕ್ಷಿಸದೆ ಇರುವುದರಲ್ಲಿ.

ಭಾರ ಹೊರುವುದು ಬಣ್ಣ

ಗೋಡೆಯೆಂಬುದು ಹಲವು ಪದರಗಳ ರಚನೆ. ಒಳಗೆ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಸುಮಾರು 12ರಿಂದ 15 ಮಿಲಿಮೀಟರ್ ದಪ್ಪದ ಸಿಮೆಂಟ್ ಗಿಲಾವು, ನಂತರ ಪುಟ್ಟಿ, ಪ್ರೈಮರ್, ಕೊನೆಗೆ ಬಣ್ಣ. ಮೊಳೆ ಈ ಪದರಗಳನ್ನು ದಾಟಿ ಒಳಗೆ ಹಿಡಿತ ಸಾಧಿಸುತ್ತದೆ. ಅಂಟು ಮಾತ್ರ ಮೇಲಿನ ಬಣ್ಣವನ್ನಷ್ಟೇ ಹಿಡಿದಿರುತ್ತದೆ. ಪದರಗಳ ಪೈಕಿ ಯಾವುದು ದುರ್ಬಲವೋ ಅದೇ ಮೊದಲು ಕೈಬಿಡುತ್ತದೆ.

ಸುಣ್ಣ ಬಳಿದ ಗೋಡೆ ಹಾಗೂ ಅಗ್ಗದ ಡಿಸ್ಟೆಂಪರ್ ಬಳಿದ ಗೋಡೆಯ ಮೇಲ್ಮೈ ಪುಡಿಪುಡಿಯಾಗಿರುತ್ತದೆ. ಅಂಟು ಎಷ್ಟೇ ಗಟ್ಟಿಯಾಗಿದ್ದರೂ ಅದು ಹಿಡಿಯುವುದು ಆ ಪುಡಿಯನ್ನೇ. ಚೆನ್ನಾಗಿ ಬಳಿದ ಎಮಲ್ಷನ್ ಹಾಗೂ ಎಣ್ಣೆ ಬಣ್ಣದ ನುಣುಪು ಗೋಡೆಗಳು, ಹೊಳಪಿನ ಟೈಲ್ಸ್, ಮರದ ಬಾಗಿಲು ಅಂಟಿಗೆ ಒಗ್ಗುತ್ತವೆ.

ಇದನ್ನು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಒಣ ಅಂಗೈಯಿಂದ ಗೋಡೆಯನ್ನು ಉಜ್ಜಿದಾಗ ಬಿಳಿಪುಡಿ ಹತ್ತಿದರೆ ಅಲ್ಲಿ ಅಂಟು ಪಟ್ಟಿಯನ್ನು ಬಳಸಲೇಬಾರದು. ಪುಡಿ ಬಾರದಿದ್ದರೆ, ಬೀರುವಿನ ಹಿಂಭಾಗದಂತಹ ಕಾಣದ ಜಾಗದಲ್ಲಿ ಸಣ್ಣ ತುಂಡು ಟೇಪನ್ನು ಒತ್ತಿ ಅಂಟಿಸಿ, ಒಂದು ದಿನದ ಬಳಿಕ ಕಿತ್ತು ನೋಡಬೇಕು. ಟೇಪಿನ ಬೆನ್ನಿಗೆ ಬಣ್ಣ ಬಂದರೆ ಕೊಕ್ಕೆಗೂ ಅದೇ ಗತಿ.

ಅಂಟಿಸುವುದಕ್ಕೂ ಕೀಳುವುದಕ್ಕೂ ಕ್ರಮವಿದೆ

ಅಂಗಡಿಗಳಲ್ಲಿ ದೊರೆಯುವ ಎರಡು ಬದಿ ಅಂಟಿನ ಸ್ಪಂಜಿನ ಟೇಪು ಗಟ್ಟಿಯಾಗಿ ಹಿಡಿದರೂ ಕೀಳುವಾಗ ಬಣ್ಣವನ್ನು ಹರಿಯುತ್ತದೆ. ಇದಕ್ಕಿಂತ ಎಳೆದು ತೆಗೆಯುವ ಬಾಲವುಳ್ಳ ಪಟ್ಟಿಗಳು ಮೇಲು. ಈ ಪಟ್ಟಿಯನ್ನು ಗೋಡೆಗೆ ಸಮಾನಾಂತರವಾಗಿ ಎಳೆದಾಗ ಅದು ಹಿಗ್ಗಿ ತೆಳುವಾಗುತ್ತಾ, ಅಂಚಿನಿಂದ ಸ್ವಲ್ಪಸ್ವಲ್ಪವೇ ಹಿಡಿತ ಬಿಡುತ್ತದೆ. ಬಣ್ಣದ ಮೇಲೆ ಒಮ್ಮೆಲೇ ಸೆಳೆತ ಬೀಳುವುದಿಲ್ಲ.

ಬಳಸುವ ಕ್ರಮ ಹೀಗಿದೆ:

* ಹೊಸದಾಗಿ ಬಣ್ಣ ಬಳಿದಿದ್ದರೆ ಕನಿಷ್ಠ ಒಂದು ವಾರ ಕಾಯಬೇಕು.

* ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಸಾಬೂನಿನ ದ್ರಾವಣ ಬಳಸಿದರೆ ಉಳಿಯುವ ಜಿಡ್ಡಿನ ತೆಳುಪೊರೆ ಅಂಟನ್ನು ಸಡಿಲಿಸುತ್ತದೆ.

* ಪಟ್ಟಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು, ಪೊಟ್ಟಣದಲ್ಲಿ ಸೂಚಿಸಿದ ಹೊತ್ತು, ಸಾಮಾನ್ಯವಾಗಿ ಒಂದು ಗಂಟೆ, ಭಾರ ಹಾಕದೆ ಬಿಡಬೇಕು.

* ಪಟವನ್ನು ಮೊದಲೇ ತೂಗಿ, ಪೊಟ್ಟಣದ ಮೇಲೆ ನಮೂದಿಸಿದ ತೂಕದ ಅರ್ಧಕ್ಕಿಂತ ಹೆಚ್ಚು ಭಾರ ಹೊರಿಸದಿರುವುದು ಕ್ಷೇಮ.

* ತೆಗೆಯುವಾಗ ಬಾಲವನ್ನು ಗೋಡೆಗೆ ತಾಗಿದಂತೆ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಬೇಕು. ತನ್ನತ್ತ ಎಳೆದುಕೊಂಡರೆ ಬಣ್ಣ ಕಿತ್ತು ಬರುತ್ತದೆ.

ಮಳೆಗಾಲದಲ್ಲಿ ಇನ್ನೂ ಎಚ್ಚರ ಅಗತ್ಯ. ಕರಾವಳಿ ಹಾಗೂ ಮಲೆನಾಡಿನಲ್ಲಿ ಮಳೆ ಬಡಿಯುವ ದಿಕ್ಕಿನ ಹೊರಗೋಡೆಗಳು ತೇವ ಹೀರುತ್ತವೆ. ತೇವ ಬಣ್ಣವನ್ನು ಒಳಗಿನಿಂದಲೇ ಸಡಿಲಿಸುವುದರಿಂದ ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಕೊಕ್ಕೆ ಆಷಾಢದಲ್ಲಿ ಕಳಚಬಹುದು. ಅಂತಹ ಕಡೆ ಪಟಗಳನ್ನು ಮನೆಯ ಒಳಗೋಡೆಗೆ ಹಾಕುವುದೇ ಲೇಸು.

ಭಾರದ ಪಟಕ್ಕೆ ತೂತೇ ಸರಿ

ಗಾಜು, ಮರದ ಚೌಕಟ್ಟು ಇರುವ ದೊಡ್ಡ ಪಟಗಳನ್ನೂ ಕನ್ನಡಿಗಳನ್ನೂ ಅಂಟಿನ ಭರವಸೆಗೆ ಬಿಡುವಂತಿಲ್ಲ. ಹಾಗೆಂದು ಸುತ್ತಿಗೆಯಿಂದ ಮೊಳೆ ಬಡಿಯುವುದೂ ತರವಲ್ಲ. ಸಿಮೆಂಟ್ ಗಿಲಾವು ಗಡುಸು, ಆದರೆ ಪೆಡಸು. ಪೆಟ್ಟಿನ ರಭಸಕ್ಕೆ ಮೊಳೆ ಬಾಗುತ್ತದೆ, ಸುತ್ತಲಿನ ಗಾರೆ ಬಿಲ್ಲೆಯಾಗಿ ಉದುರುತ್ತದೆ. ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವೆಡೆ ಗಿಲಾವು ಈಗಾಗಲೇ ಇಟ್ಟಿಗೆಯಿಂದ ಬಿಟ್ಟುಕೊಂಡಿರುತ್ತದೆ. ಅಲ್ಲಿ ಏನನ್ನೂ ಹೊಡೆಯಬಾರದು.

ಮಾಲೀಕರ ಒಪ್ಪಿಗೆ ಪಡೆದು ಡ್ರಿಲ್ ಯಂತ್ರದಿಂದ ಅಳತೆಗೆ ತಕ್ಕ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಕೂರಿಸಿ ತಿರುಪುಮೊಳೆ ಹಾಕುವುದು ಸರಿಯಾದ ಮಾರ್ಗ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಅಥವಾ ಪಕ್ಕದಲ್ಲಿ, ಹಾಗೂ ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಕೊರೆಯಬಾರದು. ಅಲ್ಲಿ ವಿದ್ಯುತ್ ತಂತಿ ಅಥವಾ ನೀರಿನ ಕೊಳವೆ ಹಾದುಹೋಗಿರುವ ಸಂಭವವಿದೆ.

ಪಟದ ಹಿಂದಿನ ದಾರದ ಕೋನವೂ ಮುಖ್ಯ. ದಾರದ ಎರಡೂ ಎಳೆಗಳು ಅಡ್ಡಗೆರೆಗೆ 60 ಡಿಗ್ರಿ ಕೋನದಲ್ಲಿದ್ದರೆ 4 ಕಿಲೋ ಪಟಕ್ಕೆ ಪ್ರತಿ ಎಳೆಯ ಮೇಲೆ ಸುಮಾರು 2.3 ಕಿಲೋ ಸೆಳೆತ ಬೀಳುತ್ತದೆ. ದಾರವನ್ನು ಬಿಗಿದು ಕೋನ 30 ಡಿಗ್ರಿಗೆ ಇಳಿದರೆ ಪ್ರತಿ ಎಳೆಯೂ ಪೂರ್ತಿ 4 ಕಿಲೋ ಸೆಳೆತ ತಾಳಬೇಕು. ದಾರ ಹರಿಯುವುದು, ಚೌಕಟ್ಟಿನ ಬಳೆ ಕಿತ್ತುಬರುವುದು ಬಹುತೇಕ ಹೀಗೆಯೇ.

ಹಳೆಯ ಮನೆಗಳ ಜಾಣ್ಮೆ

ಹಳೆಯ ಮನೆಗಳ ಪಡಸಾಲೆಯಲ್ಲಿ ಬಾಗಿಲಿನ ಮೇಲ್ಮಟ್ಟಕ್ಕೆ ಉದ್ದನೆಯ ಮರದ ಪಟ್ಟಿ ಬಡಿದು, ಅದರ ಮೇಲೆ ಸಾಲಾಗಿ ಪಟಗಳನ್ನು ಮುಂದಕ್ಕೆ ವಾಲಿಸಿ ಇಟ್ಟಿರುವುದನ್ನು ಕಾಣಬಹುದು. ಪಟಗಳ ಭಾರವೆಲ್ಲ ಪಟ್ಟಿಯ ಮೇಲೆ. ಗೋಡೆಗೆ ಬೀಳುವುದು ಪಟ್ಟಿ ಹಿಡಿದಿಡುವ ಕೆಲವೇ ತೂತುಗಳು ಹಾಗೂ ಪಟ ವಾಲದಂತೆ ತಡೆಯುವ ದಾರದ ಮೊಳೆಗಳು. ವಾಲಿಸಿದ್ದರಿಂದ ಹಿಂದೆ ಗಾಳಿಯಾಡಿ ಬೂಷ್ಟು ಹಿಡಿಯುವುದೂ ಕಡಿಮೆ. ಪಟ ಪಟಕ್ಕೊಂದು ತೂತು ಕೊರೆಯುವ ಬದಲು ಇಂತಹ ಒಂದು ಪಟ್ಟಿಗೆ ಒಪ್ಪಿಗೆ ಕೇಳುವುದು ಬಾಡಿಗೆದಾರರಿಗೆ ಸುಲಭ. ಒಪ್ಪಿಗೆ ಸಿಗದಿದ್ದರೆ ಪುಸ್ತಕದ ಕಪಾಟು, ಮೇಜು ಅಥವಾ ಗೋಡೆಗೂಡಿನಲ್ಲಿ ಪಟವನ್ನು ಒರಗಿಸಿಡಬಹುದು.

ಮುಂಗಡ ಹಣದ ಪ್ರಶ್ನೆ

ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದ್ದಾದ್ದರಿಂದ ಗೋಡೆಯ ಕಲೆ ದುಬಾರಿ ವಿವಾದವಾಗಬಲ್ಲದು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗಳ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಸೂಚಿಸಿದೆ. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ಗೋಡೆಗೆ ಸುಣ್ಣ ಬಳಿಸುವುದು ಮಾಲೀಕರ ಹೊಣೆ ಎಂದೂ ಹೇಳಿದೆ. ಆದರೆ ಅದು ರಾಜ್ಯಗಳು ಅಳವಡಿಸಿಕೊಳ್ಳಬೇಕಾದ ಮಾದರಿ ಮಾತ್ರ. ಆದ್ದರಿಂದ ಕರಾರು ಪತ್ರದ ಮಾತೇ ಮುಖ್ಯವಾಗುತ್ತದೆ.

ಎಷ್ಟು ತೂತುಗಳಿಗೆ ಅನುಮತಿ, ಬಣ್ಣದ ಖರ್ಚು ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ಮನೆ ಸೇರುವ ದಿನವೇ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಂಡರೆ ಹಳೆಯ ತೂತುಗಳಿಗೆ ಹೊಸ ಬಾಡಿಗೆದಾರರು ದಂಡ ತೆರಬೇಕಾಗಿಲ್ಲ. ಬಣ್ಣದ ಸಂಖ್ಯೆಯನ್ನೂ ಕೇಳಿಟ್ಟುಕೊಂಡಿದ್ದರೆ, ಬಿಡುವಾಗ ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ, ಅದೇ ಬಣ್ಣ ಸವರಬಹುದು.

ಕೊನೆಯದಾಗಿ, ಮಂಚದ ತಲೆದೆಸೆಯಲ್ಲಾಗಲಿ ತೊಟ್ಟಿಲಿನ ಮೇಲಾಗಲಿ ಗಾಜಿನ ಪಟವನ್ನು ಅಂಟಿನ ಬಲದ ಮೇಲೆ ತೂಗುಹಾಕುವುದು ಎಂದಿಗೂ ಸಲ್ಲದು. ಗೋಡೆಯ ಕಲೆಯನ್ನು ಪುಟ್ಟಿಯಿಂದ ಮುಚ್ಚಬಹುದು; ಮಲಗಿದ ಮಗುವಿನ ಮೇಲೆ ಬಿದ್ದ ಗಾಜಿಗೆ ಅಂತಹ ಪರಿಹಾರವಿಲ್ಲ.