ಚದುರಂಗದ ಗಡಿಯಾರ

ಚದುರಂಗವೆಂದರೆ 64 ಮನೆ, 32 ಕಾಯಿ, ಇಬ್ಬರು ಆಟಗಾರರು ಎಂಬುದನ್ನು ಅರಿಯದವರಿಲ್ಲ. ಆದರೆ ಸ್ಪರ್ಧೆಯ ಚದುರಂಗದಲ್ಲಿ ಇವುಗಳ ಜೊತೆಗೆ ಇನ್ನೊಂದು ವಸ್ತುವೂ ಉಂಟು, ಅದೇ ಗಡಿಯಾರ. ನಮ್ಮ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ಊಟದ ಗಂಟೆ ಹೊಡೆಯುವವರೆಗೂ ಒಂದೇ ನಡೆಯನ್ನು ಧ್ಯಾನಿಸುತ್ತ ಕುಳಿತಿರುವ ಮಹನೀಯರಿಗೆ ಇದರ ಅಗತ್ಯ ತೋರದು. ಅವರ ಎದುರಾಳಿಗಳಿಗೆ ಚೆನ್ನಾಗಿ ತೋರೀತು.

1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಗಡಿಯಾರವಿರಲಿಲ್ಲ. ಯೋಚಿಸಿದಷ್ಟೂ ಹೊತ್ತು ಯೋಚಿಸಬಹುದಾಗಿತ್ತು. ಅದೇ ನಗರದಲ್ಲಿ 1883ರಲ್ಲಿ ನಡೆದ ಪಂದ್ಯಾವಳಿಯಲ್ಲಿ ಒಂದೇ ಪೀಠದ ಮೇಲೆ ಜೋಡಿಸಿದ ಎರಡು ಗಡಿಯಾರಗಳು ಬಳಕೆಗೆ ಬಂದವು. ತನ್ನ ನಡೆ ಮುಗಿಸಿದವನ ಗಡಿಯಾರ ನಿಲ್ಲುತ್ತದೆ, ಎದುರಾಳಿಯದು ಓಡತೊಡಗುತ್ತದೆ. ಗೊತ್ತುಪಡಿಸಿದ ಸಮಯ ತೀರಿಹೋದರೆ ಹಲಗೆಯ ಮೇಲೆ ಎಷ್ಟೇ ಬಲವಿದ್ದರೂ ಸೋಲೇ ಸರಿ. ನಿಯಮಬದ್ಧವಾದ ಯಾವ ನಡೆಗಳಿಂದಲೂ ಎದುರಾಳಿ ಶಹಮಾತು ಮಾಡಲಾರದ ಸ್ಥಿತಿಯಿದ್ದರೆ ಮಾತ್ರ ಆಟ ಸಮವೆನಿಸುತ್ತದೆ.

ಗೆಲ್ಲುವ ಆಟವನ್ನು ಹೀಗೆ ಕೊನೆಯ ಕ್ಷಣಗಳ ಗಡಿಬಿಡಿಯಲ್ಲಿ ಕಳೆದುಕೊಂಡವರು ಎಷ್ಟೋ ಮಂದಿ. ಇದಕ್ಕೆ ಅಮೆರಿಕದ ಬಾಬಿ ಫಿಷರ್ ಒಂದು ಉಪಾಯ ಹೂಡಿ, 1989ರಲ್ಲಿ ಅದರ ಹಕ್ಕುಪತ್ರವನ್ನೂ ಪಡೆದರು. 1992ರಲ್ಲಿ ಸ್ಪಾಸ್ಕಿಯವರೊಡನೆ ಅವರಾಡಿದ ಪಂದ್ಯದಲ್ಲಿ ಅದು ಬಳಕೆಯಾಯಿತು. ಪ್ರತಿ ನಡೆಗೂ ಕೆಲವು ಸೆಕೆಂಡುಗಳನ್ನು ಆಟಗಾರನ ಲೆಕ್ಕಕ್ಕೆ ಕೂಡಿಸುವುದೇ ಆ ಉಪಾಯ. ಲಿಚೆಸ್ ಎಂಬ ಅಂತರಜಾಲ ತಾಣದಲ್ಲಿ ನಡೆಯುವ ಒಂದು ತಂಡಗಳ ಲೀಗಿಗೆ ಈ ಲೆಕ್ಕದಿಂದಲೇ ಹೆಸರು ಬಂದಿದೆ: 45 ನಿಮಿಷ, ಮತ್ತು ನಡೆಯೊಂದಕ್ಕೆ 45 ಸೆಕೆಂಡು. 40 ನಡೆ ಆಡಿದವನಿಗೆ ಒಟ್ಟು 75 ನಿಮಿಷ ದೊರೆತಂತಾಯಿತು. ವಾರಕ್ಕೊಂದು ಆಟ, ಒಬ್ಬನಿಗೆ ಬೆಳಗಾದರೆ ಇನ್ನೊಬ್ಬನಿಗೆ ನಡುರಾತ್ರಿ, ಇಬ್ಬರೂ ತಾವೇ ಹೊತ್ತು ಗೊತ್ತುಮಾಡಿಕೊಳ್ಳುತ್ತಾರೆ. ಇಂಥ ಆಟಗಳನ್ನು ನೋಡುವುದೆಂದರೆ ನನಗೆ ಬಲು ಇಷ್ಟ. ಒಬ್ಬೊಬ್ಬನ ಅರ್ಧ ಅಂಕವೂ ತಂಡದ ಲೆಕ್ಕಕ್ಕೆ ಸೇರುವುದರಿಂದ, ತನಗೆ ಸಾಕೆನಿಸಿದ ಸಮ ಫಲಿತಾಂಶವನ್ನು ಬಿಟ್ಟು ತಂಡಕ್ಕಾಗಿ ಅಪಾಯಕ್ಕೆ ಇಳಿಯಬೇಕಾಗಿ ಬರುತ್ತದೆ.

ಆದರೆ ಅಂತರಜಾಲದ ಗಡಿಯಾರಕ್ಕೆ ಒಂದು ಕುರುಡುಂಟು. ಆಟಗಾರ ಯೋಚಿಸುತ್ತಿದ್ದಾನೋ, ಅಥವಾ ಅವನ ಸಂಪರ್ಕವೇ ಕಡಿದುಹೋಗಿದೆಯೋ, ಅದಕ್ಕೆ ತಿಳಿಯದು. 2020ರಲ್ಲಿ ಕೊರೋನಾ ಪಿಡುಗಿನ ದೆಸೆಯಿಂದ ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ಅಂತರಜಾಲದಲ್ಲಿಯೇ ಒಲಿಂಪಿಯಾಡ್ ನಡೆಸಿತು. ತಂಡಕ್ಕೆ ಆರು ಹಲಗೆ. ಅವುಗಳಲ್ಲಿ ಮಹಿಳೆಯರಿಗೂ ಕಿರಿಯರಿಗೂ ಸ್ಥಾನವಿತ್ತು. ಒಬ್ಬೊಬ್ಬರಿಗೆ 15 ನಿಮಿಷ, ನಡೆಗೆ 5 ಸೆಕೆಂಡು. ಎಂಟರ ಘಟ್ಟದಲ್ಲಿ ನಮ್ಮ ನಿಹಾಲ್ ಸರೀನರೊಡನೆ ಆಡುತ್ತಿದ್ದ ಆರ್ಮೇನಿಯದ ಹೈಕ್ ಮಾರ್ಟಿರೋಸ್ಯಾನರ ಸಂಪರ್ಕ ಕಡಿದು, ಸಮಯ ತೀರಿ, ಅವರು ಸೋತರೆಂದಾಯಿತು. ತಪ್ಪು ನಮ್ಮ ಕಡೆಯದಲ್ಲವೆಂದು ಆರ್ಮೇನಿಯದವರು ಮಾಡಿಕೊಂಡ ಮನವಿಯನ್ನು ತೀರ್ಪುಗಾರರು ಒಪ್ಪಲಿಲ್ಲ. ಅವರು ಎರಡನೆಯ ಸುತ್ತನ್ನು ಆಡದೆ ಹೊರನಡೆದರು. ಭಾರತ ಮುಂದೆ ಹೋಯಿತು.

ವಿಧಿಯಾಟವೆನ್ನಬೇಕು, ಆಗಸ್ಟ್ 30ರಂದು ರಷ್ಯದೊಡನೆ ನಡೆದ ಅಂತಿಮ ಪಂದ್ಯದಲ್ಲಿ ಅದೇ ಗತಿ ನಮಗೊದಗಿತು. ಮೊದಲ ಸುತ್ತು 3–3 ಸಮವಾಗಿತ್ತು. ಎರಡನೆಯದರಲ್ಲಿ ಅದೇ ನಿಹಾಲ್ ಸರೀನರ, ಮತ್ತು ದಿವ್ಯಾ ದೇಶಮುಖರ ಸಂಪರ್ಕ ತಪ್ಪಿ, ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಆ ದಿನ ಅಂತರಜಾಲವೇ ಪ್ರಪಂಚದ ಹಲವೆಡೆ ಕೆಟ್ಟುನಿಂತಿತ್ತು. ಮೊದಲು ರಷ್ಯವೇ ಗೆದ್ದಿತೆಂದು ಸಾರಲಾಯಿತು; ಭಾರತ ಮನವಿ ಮಾಡಿಕೊಂಡ ಮೇಲೆ ಫಿಡೆಯ ಅಧ್ಯಕ್ಷ ದ್ವೋರ್ಕೊವಿಚ್ ಅವರು ಎರಡು ತಂಡಗಳಿಗೂ ಚಿನ್ನವೆಂದು ತೀರ್ಮಾನಿಸಿದರು. ನಮ್ಮ ದೇಶಕ್ಕೆ ಚಿನ್ನ ಬಂದುದು ನನಗೂ ಸಂತೋಷವೇ. ಲೋಕಕ್ಕೆಲ್ಲ ಕಾಣುವ ಕೆಡುಕಿಗೂ ಒಬ್ಬನ ಮನೆಯಲ್ಲಿ ಆದಂತೆ ತೋರುವ ಕೆಡುಕಿಗೂ ವ್ಯತ್ಯಾಸವುಂಟೆಂಬ ವಾದವನ್ನೂ ಬಲ್ಲೆ. ಆದರೂ ಆರ್ಮೇನಿಯದವರಿಗೆ ಆ ಆಟವನ್ನು ಮತ್ತೊಮ್ಮೆ ಆಡುವ ಅವಕಾಶ ಕೊಟ್ಟಿದ್ದರೆ ನಮ್ಮ ಚಿನ್ನದ ಹೊಳಪೇನೂ ಕುಂದುತ್ತಿರಲಿಲ್ಲವೆಂದೇ ನನ್ನ ಭಾವನೆ.

ಎದುರುಬದುರು ಕುಳಿತು ಆಡುವಲ್ಲಿ ಈ ತೊಡಕಿಲ್ಲ. ಗಡಿಯಾರ ಮೇಜಿನ ಮೇಲೆಯೇ ಇರುತ್ತದೆ. ಅಡಚಣೆಯಾದರೆ ತೀರ್ಪುಗಾರ ಅದನ್ನು ನಿಲ್ಲಿಸಬಲ್ಲ. 2024ರಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಪಟ್ಟದ ಪಂದ್ಯದಲ್ಲಿ ಮೊದಲ 40 ನಡೆಗಳಿಗೆ 120 ನಿಮಿಷ, ಅಂದರೆ ಸರಾಸರಿ ನಡೆಗೆ ಮೂರೇ ನಿಮಿಷ. ಆ ಘಟ್ಟ ದಾಟುವವರೆಗೆ ಫಿಷರರ ಸೆಕೆಂಡುಗಳೂ ಇಲ್ಲ. ಆಮೇಲೆ 30 ನಿಮಿಷ, ನಡೆಗೆ 30 ಸೆಕೆಂಡು. 13 ಆಟಗಳಾದ ಮೇಲೂ ಚೀನದ ಡಿಂಗ್ ಲಿರೆನ್ ಮತ್ತು ನಮ್ಮ ಗುಕೇಶರ ಅಂಕ ಸಮ. ಡಿಸೆಂಬರ್ 12ರಂದು 14ನೆಯ ಆಟವೂ ಸಮವಾದಂತೆಯೇ ಎಲ್ಲರಿಗೂ ತೋರಿತು. ಹಾಗಾಗಿದ್ದರೆ ಮರುದಿನ ಕಡಮೆ ಸಮಯದ ಆಟಗಳಲ್ಲಿ ಪಟ್ಟದ ತೀರ್ಮಾನವಾಗಬೇಕಿತ್ತು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಆನೆಗೆ ಆನೆ ಹೋಯಿತು, ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಡಿಂಗರ ಒಂಟೆಯೂ (ಯುರೋಪಿನವರಿಗೆ ಇದು ಪಾದ್ರಿ, ಓರೆಯಾಗಿ ನಡೆಯುವುದರಲ್ಲಿ ಮಾತ್ರ ಭೇದವಿಲ್ಲ) ವಿನಿಮಯವನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಉಳಿಯುವುದು ರಾಜರು ಮತ್ತು ಕಾಲಾಳುಗಳು, ಗುಕೇಶರಿಗೆ ಒಂದು ಕಾಲಾಳು ಹೆಚ್ಚು.

58ನೆಯ ನಡೆಗೆ ಡಿಂಗ್ ಸೋಲೊಪ್ಪಿ ಕೈಕುಲುಕಿದರು. 18 ವರ್ಷದ ಗುಕೇಶರು ಅಳುತ್ತಳುತ್ತಲೇ ಕಾಯಿಗಳನ್ನೆಲ್ಲ ಮತ್ತೆ ಅವುಗಳ ಮೊದಲ ಮನೆಗಳಲ್ಲಿ ಜೋಡಿಸಿಟ್ಟರು.