ಗಂಡಸರ ಶಸ್ತ್ರಚಿಕಿತ್ಸೆ: ತಿಳಿದು ಮುಂದುವರಿಯೋಣ

ಮಕ್ಕಳು ಸಾಕೆಂದು ನಿರ್ಧರಿಸಿದ ಮೇಲೆ ಶಸ್ತ್ರಚಿಕಿತ್ಸೆಯ ಭಾರ ಹೆಂಗಸಿನ ಮೇಲೆಯೇ ಬೀಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 38 ಮಂದಿ ಅದನ್ನು ಮಾಡಿಸಿಕೊಂಡಿದ್ದಾರೆ. ಗಂಡಂದಿರ ಪಾಲು ನೂರಕ್ಕೆ ಒಂದೂ ಇಲ್ಲ. ತವರು ದೂರವಾಗಿ, ಬಾಣಂತನಕ್ಕೇ ಜನ ಸಿಗದ ನಮ್ಮ ಮನೆಗಳಲ್ಲಿ ಇದು ಯೋಚಿಸತಕ್ಕ ಮಾತು.

ಹೆಂಗಸರಿಗೆ ಹೊಟ್ಟೆಯಲ್ಲಿ ಕೊಯ್ಯಬೇಕಾಗುತ್ತದೆ. ಗಂಡಸರಿಗಾದರೋ ಆ ಭಾಗವನ್ನಷ್ಟೇ ಮರಗಟ್ಟಿಸಿ, ವೀರ್ಯಾಣುಗಳನ್ನು ಒಯ್ಯುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು. ಜ್ವರವೋ ಹೆಚ್ಚುವ ಊತವೋ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಪುರುಷತ್ವ ಕುಂದುತ್ತದೆಂಬುದು ಸುಳ್ಳು. ಅದನ್ನು ಪೋಷಿಸುವ ಗ್ರಂಥಿರಸ ಹರಿಯುವುದು ರಕ್ತದಲ್ಲಿ, ಈ ನಾಳಗಳಲ್ಲಲ್ಲ.

ಆದರೆ ಫಲ ಆ ದಿನವೇ ಬರದು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮೇಲೆಯೇ ನಿಶ್ಚಿಂತೆ. ಇದನ್ನರಿಯದೆ, ನಡುವೆ ಗರ್ಭ ನಿಂತರೆ ಹೆಂಡತಿಯನ್ನು ಶಂಕಿಸುವ ಘೋರ ಅನ್ಯಾಯವಾದೀತು. ನಾಳಗಳನ್ನು ಮತ್ತೆ ಕೂಡಿಸುವುದು ಕಷ್ಟ, ಫಲವೂ ಅನಿಶ್ಚಿತ; ಆದ್ದರಿಂದ ಇದನ್ನು ಶಾಶ್ವತವೆಂದೇ ತಿಳಿಯಬೇಕು. 1976ರ ಬಲವಂತವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಯಾರ ಒತ್ತಾಯಕ್ಕೂ ಮಣಿಯದೆ, ಗಂಡಹೆಂಡಿರು ಕೂಡಿ ಯೋಚಿಸಿ, ಇಬ್ಬರ ಮನಸ್ಸೂ ಒಪ್ಪಿದರೆ ಮುಂದುವರಿಯೋಣ.