ಹಳೆಯ ಬಟ್ಟೆಯ ತುಂಡು ಮತ್ತು ಮಗುವಿನ ಸೃಜನಶೀಲತೆ

ಅನೇಕ ಮಕ್ಕಳು ಹಳೆಯ ಹೊದಿಕೆಯ ತುಂಡನ್ನೋ ಮೆತ್ತನೆಯ ಬೊಂಬೆಯನ್ನೋ ಹಿಡಿಯದೆ ನಿದ್ರಿಸುವುದಿಲ್ಲ. ಹಿರಿಯರು ಇದನ್ನು ಹಟವೆಂದು ಬಗೆದು ಕಿತ್ತುಕೊಳ್ಳುವುದುಂಟು. ಆದರೆ ಸೃಜನಶೀಲತೆಯ ಮೊದಲ ಹೆಜ್ಜೆಯನ್ನು ಇಲ್ಲಿಯೇ ಗುರುತಿಸಿದವರು ಲಂಡನ್ನಿನ ಶಿಶುವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ (1896–1971). ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಅವರು ಸುಮಾರು 40 ವರ್ಷ ಸೇವೆ ಸಲ್ಲಿಸಿದರು.

1951ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಇದನ್ನು ‘ಸಂಕ್ರಮಣ ವಸ್ತು’ ಎಂದು ಕರೆದರು. ಆರಂಭದಲ್ಲಿ ಶಿಶುವಿಗೆ ತಾನು ಬೇರೆ, ತಾಯಿ ಬೇರೆ ಎಂಬ ಅರಿವಿರುವುದಿಲ್ಲ. ಹಸಿದೊಡನೆ ದೊರೆತ ಹಾಲು ತನ್ನದೇ ಸೃಷ್ಟಿಯೆಂಬ ಭಾವ ಅದಕ್ಕಿರುತ್ತದೆ. ಕ್ರಮೇಣ ತಾಯಿ ತುಸು ತಡಮಾಡುತ್ತಾಳೆ. ಅದು ದೋಷವಲ್ಲ, ಬೆಳವಣಿಗೆಗೆ ಅಗತ್ಯ. ಆಗ ಉಂಟಾಗುವ ಅಂತರವನ್ನು ಮಗು ಬಟ್ಟೆಯ ತುಂಡಿನಿಂದ ತುಂಬಿಕೊಳ್ಳುತ್ತದೆ. ವಸ್ತು ಹೊರಗಿನದು; ಅದರಲ್ಲಿನ ಸಾಂತ್ವನವಾದರೋ ಮಗುವೇ ಕಲ್ಪಿಸಿದ್ದು. ಆಟ, ಕಲೆ, ಧಾರ್ಮಿಕ ಅನುಭವಗಳು ಮುಂದೆ ಅರಳುವುದು ಒಳಹೊರಗುಗಳ ನಡುವಿನ ಈ ಎಡೆಯಲ್ಲಿಯೇ ಎಂಬುದು ವಿನಿಕಾಟ್ ಅವರ ಮತ.

ಆದುದರಿಂದ ತಂದೆತಾಯಿಗಳು ಆ ವಸ್ತುವನ್ನು ಬಲವಂತವಾಗಿ ಬಿಡಿಸಬಾರದು. ಕಾಲಕ್ರಮದಲ್ಲಿ ಮಗುವೇ ಅದನ್ನು ಬಿಡುತ್ತದೆ. ಆದರೆ ಒಂದು ವರ್ಷದೊಳಗಿನ ಶಿಶು ಮಲಗಿರುವಾಗ ಸಡಿಲ ಬಟ್ಟೆ, ಬೊಂಬೆಗಳು ಹಾಸಿಗೆಯಲ್ಲಿರಬಾರದು. ಮಗು ಮರದ ತುಂಡನ್ನು ಬಸ್ಸೆಂದು ಓಡಿಸುವಾಗ ತಿದ್ದದೆ, ಸಮೀಪದಲ್ಲಿ ಮೌನವಾಗಿ ಕುಳಿತಿರಿ. ತಾಯಿಯ ಸನ್ನಿಧಿಯಲ್ಲಿ ಒಂಟಿಯಾಗಿ ಆಡಬಲ್ಲ ಮಗು ಮುಂದೆ ಏಕಾಂತಕ್ಕೆ ಅಂಜದು. ಬೇಸರವೆಂದೊಡನೆ ಕೈಗೆ ಮೊಬೈಲ್ ಕೊಟ್ಟರೆ, ಮಗುವಿನ ಕಲ್ಪನೆ ಬೆಳೆಯಬೇಕಾದ ಎಡೆಯನ್ನು ಪರರ ಚಿತ್ರಗಳು ಆಕ್ರಮಿಸುತ್ತವೆ.